ಕಡಲಾಚೆಯ ಗಣಿಯಲ್ಲಿ ಹಣ ಹೂಡಬಹುದೆ?

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ ಯಮನೂರು ಎಂಬ ಊರಿದೆ. ಸುತ್ತಲೂ ಕಣ್ಣು ಹರಿಯುವವರೆಗೆ ಎರೆಭೂಮಿ. ಹತ್ತಿ, ಜೋಳ, ಕಡಲೆಗಳ ಸೀಮೆ. ಹೋಳಿಹುಣ್ಣಿಮೆಯ ತರುವಾಯ ಅಲ್ಲಿ ನಡೆಯುವ ರಾಜಾಬಾಗಸವಾರನ ಜಾತ್ರೆಗೆ ಹಿಂದೂ ಮುಸಲ್ಮಾನರೆನ್ನದೆ ಜನ ಕೂಡುತ್ತಾರೆ. ಒಂದು ವರ್ಷ ಆ ಜಾತ್ರೆಗೆ ಹೋದವನು ಪರಿಚಿತರೊಬ್ಬರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗನು ಬಣ್ಣದ ಹಾಳೆಯೊಂದನ್ನು ತಂದು ನನ್ನ ಕೈಗಿತ್ತು, "ಕಾಕಾ, ಇದನ್ನೊಂದಿಷ್ಟು ಓದಿ ನೋಡ್ರಿ. ಅಪ್ಪ ಹತ್ತಿ ರೊಕ್ಕ ಎಲ್ಲಾ ಇದಕ್ಕ ಹಾಕಬೇಕಂತಾರ" ಎಂದನು.

ಪೂರ್ವ ಆಫ್ರಿಕದಲ್ಲಿ ಚಿನ್ನದ ಗಣಿಯನ್ನು ತೆರೆಯಲಿರುವುದಾಗಿ ಹೇಳಿಕೊಳ್ಳುವ ಸಂಸ್ಥೆಯೊಂದರ ಪ್ರಕಟಣೆಯದು. ಮೇಲೆ ಹೊಳೆಯುವ ಕಲ್ಲಿನ ಚಿತ್ರ. ಕೆಳಗೆ ದಪ್ಪಕ್ಷರಗಳಲ್ಲಿ "ಟನ್ನಿಗೆ 45 ಗ್ರಾಂ ಚಿನ್ನ". ಮೂರು ವರ್ಷಗಳಲ್ಲಿ ಹಣ ನಾಲ್ಮಡಿಯಾಗುವುದೆಂಬ ಭರವಸೆ. ಹಾಳೆಯ ಎರಡು ಮಗ್ಗುಲನ್ನೂ ಓದಿದೆ. ಅದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಮಾತು ಒಂದೂ ಇರಲಿಲ್ಲ. ಆದರೂ ತಿಳಿಯಬೇಕಾದ ಮಾತು ಒಂದೂ ಇರಲಿಲ್ಲ. ಆ ದಿನ ನಾನು ಹುಡುಗನಿಗೆ ಕೊಟ್ಟ ಉತ್ತರ ಅರೆಬರೆಯದು. ಅದನ್ನು ಪೂರ್ತಿ ಮಾಡುವ ಯತ್ನವೇ ಈ ಲೇಖನ.

ಇಂದು ನಮಗೆ ಆಫ್ರಿಕವು ಹೇಗೆ ಕಡಲಾಚೆಯ ನಾಡೋ ಹಾಗೆಯೇ ನೂರಿಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನ ಹಣವಂತನಿಗೆ ನಮ್ಮ ಧಾರವಾಡವೇ ಕಡಲಾಚೆಯ ನಾಡಾಗಿತ್ತು. ಯಮನೂರಿನಿಂದ ಆಗ್ನೇಯಕ್ಕೆ, ಗದಗನ್ನು ದಾಟಿ ಹೋದರೆ ಕಪ್ಪತಗುಡ್ಡದ ಸಾಲು ಕಾಣಿಸುತ್ತದೆ. ಈಗ ಗದಗ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಅದು ಧಾರವಾಡ ಜಿಲ್ಲೆಯ ಭಾಗವೇ. ಅಲ್ಲಿಂದ ಇಳಿಯುವ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಪುಡಿಯನ್ನು ಕೂಡಿಸುವುದು ಜಾಲಗಾರರೆಂಬವರ ಕಸುಬಾಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ಎಂಬ ವಿಜ್ಞಾನಿ ಈ ಗುಡ್ಡಗಳನ್ನು ಪರೀಕ್ಷಿಸಿ 1874ರಲ್ಲಿ ಇಲ್ಲಿಯ ಚಿನ್ನದ ಶಿಲೆಗಳ ಬಗೆಗೆ ಬರೆದನು. ಇಂಥ ಶಿಲೆಗಳಿಗೆ 'ಧಾರವಾಡ' ಎಂಬ ಹೆಸರನ್ನು ಕೊಟ್ಟವನೂ ಅವನೇ. ಕೋಲಾರ, ಹಟ್ಟಿ, ಗದಗ ಈ ಮೂರು ಚಿನ್ನದ ಸೀಮೆಗಳೂ ಧಾರವಾಡ ಶಿಲೆಗಳ ಪಟ್ಟಿಗಳಲ್ಲಿಯೇ ಇವೆ.

ಒಂದೇ ಬಗೆಯ ಶಿಲೆಯಾದುದರಿಂದ ಒಂದೇ ಬಗೆಯ ಫಲ ದೊರಕೀತೆಂದು ಜನ ನಂಬಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಿಲಾಯತಿಯ ಬಂಡವಾಳ ಕಪ್ಪತಗುಡ್ಡಕ್ಕೆ ಹರಿದು ಬಂದಿತು. ಕಬಲಾಯತಕಟ್ಟಿ, ಹೊಸೂರು ಮೊದಲಾದೆಡೆ ಬಾವಿಗಳನ್ನು ಇಳಿಸಿದರು, ಯಂತ್ರಗಳನ್ನು ಹೂಡಿದರು. ಚಿನ್ನ ಸಿಕ್ಕಲಿಲ್ಲವೆಂದಲ್ಲ; ಸಿಕ್ಕಿತು. ಆದರೆ ತೆಗೆಯುವ ವೆಚ್ಚವನ್ನು ತೂಗುವಷ್ಟು ಸಿಕ್ಕಲಿಲ್ಲ. 1911ರ ಸುಮಾರಿಗೆ ಕೆಲಸ ನಿಂತುಹೋಯಿತು. ಅದೇ ಕಾಲದಲ್ಲಿ ಕೋಲಾರದ ಗಣಿಗಳು ವರ್ಷವರ್ಷವೂ ಲಾಭ ಹಂಚುತ್ತಿದ್ದವು. ಹಣ ಹೂಡುವ ದಿನ ಇವೆರಡರ ವ್ಯತ್ಯಾಸವನ್ನು ತಿಳಿಯುವ ಬಗೆ ಏನಾದರೂ ಇದ್ದಿತೆ?

ಮೊದಲು ಚಿನ್ನದ ಸ್ವಭಾವವನ್ನು ನೋಡೋಣ. ಟನ್ನಿಗೆ 5 ಗ್ರಾಂ ಎಂದರೆ ಕೆಟ್ಟ ಅದಿರೇನಲ್ಲ. ಒಂದು ಟನ್ನು ಬಂಡೆ ಸುಮಾರು ಎಪ್ಪತ್ತು ಸೆಂಟಿಮೀಟರ್ ಉದ್ದಗಲ ಎತ್ತರದ ಒಂದು ದಿಮ್ಮಿ. ಚಿನ್ನವು ನೀರಿಗಿಂತ 19 ಪಟ್ಟು ತೂಕವುಳ್ಳದ್ದು. ಆದುದರಿಂದ ಆ 5 ಗ್ರಾಂ ಚಿನ್ನವನ್ನು ಒಂದೆಡೆ ಕೂಡಿಸಿದರೆ ಹತ್ತು ಹನ್ನೊಂದು ಜೋಳದ ಕಾಳಿನ ಗಾತ್ರವಾದೀತು, ಅಷ್ಟೆ. ಈ ಹತ್ತು ಕಾಳು ದಿಮ್ಮಿಯಲ್ಲೆಲ್ಲ ಸಮನಾಗಿ ಹರಡಿದ್ದರೆ ಅಳೆಯುವವನಿಗೆ ತೊಂದರೆಯೇ ಇರುತ್ತಿರಲಿಲ್ಲ. ಹಾಗಿರುವುದಿಲ್ಲ. ಬೆಣಚುಕಲ್ಲಿನ ಸಿರೆಯಲ್ಲಿ ಒಂದೆಡೆ ಕಣ್ಣಿಗೆ ಕಾಣುವ ಕಣವಿದ್ದು, ಅದರ ಪಕ್ಕದ ಗಜ ಎರಡು ಗಜ ಬರಿದಾಗಿರಬಹುದು.

ಹತ್ತು ಕಡೆಯಿಂದ ಕಲ್ಲನ್ನು ತೆಗೆದು ಪರೀಕ್ಷಿಸಿದೆವೆಂದು ಇಟ್ಟುಕೊಳ್ಳಿರಿ. ಒಂಬತ್ತರಲ್ಲಿ ಟನ್ನಿಗೆ ಅರ್ಧ ಅರ್ಧ ಗ್ರಾಂ. ಒಂದರಲ್ಲಿ 45 ಗ್ರಾಂ. ಸರಾಸರಿ 4.95 ಗ್ರಾಂ, ಒಳ್ಳೆಯ ಗಣಿಯೇ ಸರಿ. ಆ ಒಂದು ಕಲ್ಲನ್ನು ತೆಗೆದುಹಾಕಿರಿ. ಉಳಿದ ಸರಾಸರಿ ಅರ್ಧ ಗ್ರಾಂ, ಆಳದಿಂದ ಅಗೆದು ತೆಗೆಯಲು ಕೂಲಿಯೂ ಗಿಟ್ಟದು. ಒಂದೇ ಕಲ್ಲಿನ ಮೇಲೆ ಒಂದು ಕಂಪನಿ ನಿಂತಿದೆ! ಆದುದರಿಂದ ಎಚ್ಚರವುಳ್ಳ ಭೂವಿಜ್ಞಾನಿ ಇಂಥ ವಿಪರೀತ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವ ಮುನ್ನ ಅದಕ್ಕೊಂದು ಮಿತಿಯನ್ನು ಹಾಕುತ್ತಾನೆ. ಆಮೇಲೆ ಅದೇ ಸಿರೆಯಲ್ಲಿ ಇನ್ನೂ ನೂರಾರು ಕಡೆ ಕೊಳವೆ ಇಳಿಸಿ ನೋಡುತ್ತಾನೆ. ಇದರಲ್ಲಿ ನಮ್ಮ ಹತ್ತಿಯ ಪೇಟೆಗೆ ಹೊಸದೇನೂ ಇಲ್ಲ. ಅಂಡಿಗೆಯ ಬಾಯಲ್ಲಿ ಕಾಣುವ ಅರಳೆಯನ್ನು ನೋಡಿ ಬೆಲೆ ಕಟ್ಟುವ ದಲಾಲ ಹುಬ್ಬಳ್ಳಿಯಲ್ಲಾಗಲಿ ಅಣ್ಣಿಗೇರಿಯಲ್ಲಾಗಲಿ ಇದ್ದಾನೆಯೆ? ನಡುವೆ ಕೈ ತೂರಿಸಿ, ಮೂರು ನಾಲ್ಕು ಅಂಡಿಗೆಗಳಿಂದ ಹಿಡಿ ಹಿಡಿ ಎಳೆದು ನೋಡುತ್ತಾನೆ. ಯಮನೂರಿನ ಆ ಹಾಳೆ ಅಂಡಿಗೆಯ ಬಾಯನ್ನು ಮಾತ್ರ ತೋರಿಸುತ್ತಿತ್ತು.

ಬಾಯಿಯ ಹತ್ತಿ ಒಳಗಿನದಕ್ಕಿಂತ ಚೆನ್ನಾಗಿರುವುದಕ್ಕೆ ಪೇಟೆಯಲ್ಲಿ ಮನುಷ್ಯನ ಜಾಣತನ ಕಾರಣವಾದರೆ, ಗಣಿಯಲ್ಲಿ ನಿಸರ್ಗವೇ ಕಾರಣವಾಗುವುದುಂಟು. ನೆಲದ ಮೇಲ್ಭಾಗದಲ್ಲಿ ಗಾಳಿ ಮಳೆಗಳ ದೆಸೆಯಿಂದ ಅದಿರಿನೊಳಗಿನ ಗಂಧಕದ ಸಂಯುಕ್ತಗಳು ಕೊಳೆತು ತೊಳೆದುಹೋಗುತ್ತವೆ. ಚಿನ್ನ ಕೊಳೆಯದೆ ಉಳಿಯುತ್ತದೆ. ಕಸ ಹೋಗಿ ಕಾಳು ಉಳಿದಂತಾಗಿ ಮೇಲಿನ ಪದರಿನಲ್ಲಿ ಚಿನ್ನದ ಪ್ರಮಾಣ ಹೆಚ್ಚುತ್ತದೆ. ಕೆಳಗೆ ಕೊಳೆಯದ ಗಟ್ಟಿ ಬಂಡೆ ಬಂದೊಡನೆ ಪ್ರಮಾಣ ಇಳಿಯುವುದಲ್ಲದೆ, ಚಿನ್ನವು ಗಂಧಕದ ಖನಿಜಗಳಲ್ಲಿ ಸಿಕ್ಕಿಕೊಂಡು ಸುಲಭವಾಗಿ ಬಿಡಿಸಿಕೊಳ್ಳದಂತೆಯೂ ಆಗಬಹುದು.

ಇದರ ಅತ್ಯಂತ ದೊಡ್ಡ ಪಾಠ ನಡೆದುದು ನಮ್ಮ ಗಡಿಗೆ ತಾಗಿದ ವೈನಾಡಿನಲ್ಲಿ. ಆಸ್ಟ್ರೇಲಿಯದ ಗಣಿಗಳಲ್ಲಿ ಹೆಸರು ಮಾಡಿದ್ದ ಬ್ರೋ ಸ್ಮಿತ್ ಎಂಬವನನ್ನು ಸರಕಾರ ಕರೆಸಿತು. ಅವನ ವರದಿ 1880ರಲ್ಲಿ ಬಂದಿತು. ಅದರಲ್ಲಿ ಆಸೆ ಹುಟ್ಟಿಸುವ ಅಂಕಿಗಳಿದ್ದವು. ಒಂದೆರಡು ವರ್ಷಗಳಲ್ಲಿ ಲಂಡನ್ನಿನಲ್ಲಿ ಸುಮಾರು ನಲವತ್ತು ಕಂಪನಿಗಳು ಹುಟ್ಟಿದವು. ಅವು ಘೋಷಿಸಿದ ಬಂಡವಾಳ ಒಟ್ಟಿಗೆ 50 ಲಕ್ಷ ಪೌಂಡಿನಷ್ಟು. ಕಾಫಿಯ ಗಿಡಗಳಿಗೆ ರೋಗ ತಗಲಿ ಕಂಗೆಟ್ಟಿದ್ದ ತೋಟಗಾರರು ತಮ್ಮ ನೆಲವನ್ನು ಈ ಕಂಪನಿಗಳಿಗೆ ಕೇಳಿದ ಬೆಲೆಗೆ ಮಾರಿಕೊಂಡರು. ಪಾಲುದಾರರ ಹಣದ ದೊಡ್ಡ ಭಾಗ ಹೀಗೆ ನೆಲಕ್ಕೇ ಹೋಗಿ ಅಗೆಯುವುದಕ್ಕೆ ಉಳಿದದ್ದು ಸ್ವಲ್ಪ. ಯಂತ್ರಗಳು ಹಡಗಿನಿಂದಿಳಿದು ಘಟ್ಟ ಹತ್ತುವಷ್ಟರಲ್ಲಿ ಮೇಲಿನ ಪದರಿನ ಆಸೆ ಮುಗಿದಿತ್ತು. ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲ ಕಂಪನಿಗಳೂ ಮುಳುಗಿದವು.

ಕೋಲಾರವೂ ಮುಳುಗುವುದರಲ್ಲಿತ್ತು. ಈ ಮಾತನ್ನು ನಮ್ಮವರು ಮರೆತಿದ್ದಾರೆ. ಅಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಲೆಫ್ಟಿನೆಂಟ್ ವಾರೆನ್ ಎಂಬವನು 1802ರಲ್ಲಿಯೇ ಕಂಡು ಬರೆದಿಟ್ಟಿದ್ದನು. ಅದನ್ನು ಓದಿದ ಲವೆಲ್ ಎಂಬ ನಿವೃತ್ತ ಸೈನಿಕನು 1873ರಲ್ಲಿ ಮೈಸೂರು ಸರಕಾರದಿಂದ ಪರವಾನಗಿಯನ್ನು ಪಡೆದನು. ಅವನಲ್ಲಿ ಸಾಹಸವಿತ್ತು, ಹಣವಿರಲಿಲ್ಲ. ಹಕ್ಕು ಬೇರೆಯವರ ಕೈ ಸೇರಿತು. 1880ರಲ್ಲಿ ಮೈಸೂರು ಗಣಿ ಕಂಪನಿ ಲಂಡನ್ನಿನಲ್ಲಿ ನೋಂದಣಿಯಾಯಿತು. ಬೆನ್ನಿಗೇ ಇನ್ನೂ ಹಲವು ಹುಟ್ಟಿದವು. ಮೂರು ನಾಲ್ಕು ವರ್ಷ ಅಗೆದರೂ ಕೈಗೆ ಹತ್ತಿದ್ದು ಅಲ್ಪ. ಮೈಸೂರು ಕಂಪನಿಯ ಪೆಟ್ಟಿಗೆಯಲ್ಲಿ ಸುಮಾರು 13,000 ಪೌಂಡು ಉಳಿದಾಗ ಪಾಲುದಾರರ ಸಭೆ ಸೇರಿತು. ಇದ್ದುದನ್ನು ಹಂಚಿಕೊಂಡು ಬಾಗಿಲು ಹಾಕೋಣವೆಂಬ ಮಾತು ಬಲವಾಗಿತ್ತು. ಜಾನ್ ಟೇಲರ್ ಸಂಸ್ಥೆಯ ಸಲಹೆಯಂತೆ ಇನ್ನೊಂದು ಸಲ ನೋಡೋಣವೆಂದು ನಿಶ್ಚಯವಾಗಿ, ಕ್ಯಾಪ್ಟನ್ ಪ್ಲಮ್ಮರ್ ಎಂಬ ಅನುಭವಿಯನ್ನು ಕಳುಹಿಸಿದರು. ಹಿಂದಿನವರು ಗಟ್ಟಿ ಬಂಡೆಯೆಂದು ತಿಳಿದು ಕೈಬಿಟ್ಟಿದ್ದುದು ಬಂಡೆಯಲ್ಲ, ಪ್ರಾಚೀನ ಕಾಲದ ಅಗೆತವನ್ನು ಮತ್ತೆ ತುಂಬಿದ್ದ ಭರ್ತಿ ಎಂಬುದನ್ನು ಅವನು ಕಂಡುಕೊಂಡನು. ಅದರ ಬುಡದಲ್ಲಿತ್ತು 'ಚಾಂಪಿಯನ್' ಸಿರೆ. ಅಲ್ಲಿಂದ ಮುಂದೆ 2001ರಲ್ಲಿ ಮುಚ್ಚುವವರೆಗೆ ಕೋಲಾರವು ಸುಮಾರು 800 ಟನ್ನು ಚಿನ್ನವನ್ನು ಕೊಟ್ಟಿತು. ಬಾವಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು.

ಈ ಕಥೆಯನ್ನು ಷೇರು ಮಾರುವವರು ಧೈರ್ಯದ ಕಥೆಯಾಗಿ ಹೇಳುತ್ತಾರೆ: ಬಿಡದೆ ಹಿಡಿದವನಿಗೆ ಚಿನ್ನ! ಕಪ್ಪತಗುಡ್ಡದಲ್ಲಿ ಬಿಡದೆ ಹಿಡಿದವರ ಕಥೆಯನ್ನು ಹೇಳುವವರಿಲ್ಲ, ಏಕೆಂದರೆ ಸೋತವರು ಪ್ರಕಟಣೆ ಹೊರಡಿಸುವುದಿಲ್ಲ. ಗೆದ್ದ ಒಂದನ್ನು ಮಾತ್ರ ಎಣಿಸಿ ಸೋತ ನಲವತ್ತನ್ನು ಬಿಟ್ಟರೆ ಯಾವ ಜೂಜೂ ಲಾಭದ್ದೇ.

ಈಗ ಸ್ವಲ್ಪ ಗಣಿತ. ಗಣಿಯೊಂದು ಪಾಲುದಾರನಿಗೆ ಹಣ ತರಬೇಕಾದರೆ ಒಂದರ ಹಿಂದೊಂದು ಬಾಗಿಲು ತೆರೆಯಬೇಕು. ಸರಾಸರಿ ಅದಿರು ಚೆನ್ನಾಗಿರಬೇಕು. ಅದು ಆಳಕ್ಕೂ ಮುಂದುವರಿಯಬೇಕು. ಕಲ್ಲಿನಿಂದ ಚಿನ್ನ ಸುಲಭವಾಗಿ ಬಿಡಬೇಕು. ಗಣಿ ನಡೆಯತೊಡಗುವವರೆಗೆ ಬಂಡವಾಳ ಸಾಲಬೇಕು. ಆ ದೇಶದ ಕಾನೂನು ಹಾಗೂ ಜನ ಅದಕ್ಕೆ ಎಡೆ ಕೊಡಬೇಕು. ಉದಾಹರಣೆಗಾಗಿ, ಒಂದೊಂದು ಬಾಗಿಲೂ ತೆರೆಯುವ ಸಂಭವ ನೂರಕ್ಕೆ 70 ಎನ್ನೋಣ. ನೂರಕ್ಕೆ ಎಪ್ಪತ್ತೆಂದರೆ ಯಾರಿಗೂ ಹೆದರಿಕೆಯಾಗದು. ಆದರೆ ಐದೂ ತೆರೆಯಬೇಕಾದುದರಿಂದ ಈ ಸಂಖ್ಯೆಗಳನ್ನು ಕೂಡಿಸಬಾರದು, ಗುಣಿಸಬೇಕು. 0.7ನ್ನು ಐದು ಸಲ ಗುಣಿಸಿದರೆ 0.168, ಅಂದರೆ ಸುಮಾರು ಆರರಲ್ಲಿ ಒಂದು. ಆರರಲ್ಲಿ ಐದು ಸಲ ಹಣ ಹೋಗುವ ವ್ಯವಹಾರದಲ್ಲಿ ಹಾಕಿದ್ದು ಸರಿದೂಗಬೇಕಾದರೂ ಗೆದ್ದಾಗ ಆರು ಪಟ್ಟು ಬರಬೇಕು. ಶೋಧದಿಂದ ಉತ್ಪಾದನೆಯವರೆಗೆ ಹತ್ತು ಹದಿನೈದು ವರ್ಷ ಹಿಡಿಯುವುದು ಸಾಮಾನ್ಯ. ಆ ಹತ್ತು ವರ್ಷ ಹಣವನ್ನು ನೂರಕ್ಕೆ ಏಳರ ಚಕ್ರಬಡ್ಡಿಗೆ ಇಟ್ಟಿದ್ದರೆ ಅದು ತಾನಾಗಿಯೇ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ಆದುದರಿಂದ ಆರು ಪಟ್ಟು ಸಾಲದು, ಹನ್ನೆರಡು ಪಟ್ಟು ಬೇಕು. ನಮ್ಮ ಹಾಳೆ ಕೊಡುತ್ತೇನೆಂದದ್ದು ನಾಲ್ಕು ಪಟ್ಟು! ಮೋಸವಿಲ್ಲವೆಂದೇ ಇಟ್ಟುಕೊಂಡರೂ ಅದು ನಷ್ಟದ ವ್ಯಾಪಾರ.

ಹಾಗಾದರೆ ಇಂಥ ಗಣಿಗಳಿಗೆ ತಿಳಿದವರೂ ಹಣ ಹಾಕುತ್ತಾರಲ್ಲ, ಅವರು ಮೂರ್ಖರೆ? ಅಲ್ಲ. ಹತ್ತು ಬೇರೆ ಬೇರೆ ಗಣಿಗಳಲ್ಲಿ ಹತ್ತು ಪಾಲುಗಳನ್ನು ಹಾಕಬಲ್ಲವನಿಗೆ ಹತ್ತೂ ಸೋಲುವ ಸಂಭವ ನೂರಕ್ಕೆ ಸುಮಾರು 16. ಒಂದರಲ್ಲೇ ಎಲ್ಲವನ್ನೂ ಹಾಕಿದವನಿಗೆ ಎಲ್ಲವೂ ಹೋಗುವ ಸಂಭವ ನೂರಕ್ಕೆ 83. ಗಣಿ ಅದೇ, ಕಲ್ಲು ಅದೇ. ಆದರೂ ಇಬ್ಬರೂ ಎದುರಿಸುವ ಗಂಡಾಂತರ ಒಂದೇ ಅಲ್ಲ. ಸೋತ ಮೇಲೂ ಮೊದಲನೆಯವನ ಮನೆಯಲ್ಲಿ ಒಲೆ ಉರಿಯುತ್ತದೆ. ಒಂದು ಸುಗ್ಗಿಯ ಹತ್ತಿಯೇ ಬಂಡವಾಳವಾಗಿರುವ ಒಕ್ಕಲಿಗನು ಸೋತರೆ ಮುಂದಿನ ಬಿತ್ತನೆಗೆ ಬೀಜ ಸಾಲದ್ದಾಗುತ್ತದೆ, ಮಗನ ಓದು ನಿಲ್ಲುತ್ತದೆ. ಸರಾಸರಿ ಲೆಕ್ಕವು ಇದನ್ನು ತೋರಿಸುವುದಿಲ್ಲ. ಅನೇಕ ಸಲ ಆಡಬಲ್ಲವನಿಗೆ ಸರಾಸರಿ ದಾರಿ ತೋರಿಸುತ್ತದೆ. ಒಂದೇ ಸಲ ಆಡಬಲ್ಲವನು ಕೇಳಬೇಕಾದದ್ದು, ಸೋತರೆ ನನ್ನ ಬಳಿ ಏನು ಉಳಿದೀತು ಎಂಬುದನ್ನು.

ಹಣವನ್ನು ಹಂಚಿ ಹಾಕುವುದರಲ್ಲಿಯೂ ಒಂದು ಬಲೆಯಿದೆ. ಆರರಲ್ಲಿ ಒಂದು ಗೆಲ್ಲುವಂಥ ನಲವತ್ತು ಕಂಪನಿಗಳಲ್ಲಿ ನಲವತ್ತೂ ಸೋಲುವ ಸಂಭವವನ್ನು ಲೆಕ್ಕ ಹಾಕಿರಿ: ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ವೈನಾಡಿನಲ್ಲಿ ಅದು ನಡೆದೇ ಹೋಯಿತು! ಗಣಿತ ತಪ್ಪಿತೆ? ಇಲ್ಲ. ಹೀಗೆ ಗುಣಿಸುವಾಗ ಒಂದರ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧವಿಲ್ಲವೆಂದು ನಾವು ಒಪ್ಪಿಕೊಂಡಿರುತ್ತೇವೆ. ವೈನಾಡಿನ ನಲವತ್ತಕ್ಕೂ ಬೆಟ್ಟ ಒಂದೇ, ಉತ್ಸಾಹದ ಬೇರು ಒಂದೇ. ಆ ಬೇರು ಒಣಗಿದರೆ ಎಲ್ಲವೂ ಒಣಗಲೇಬೇಕು. ಅವು ನಲವತ್ತು ಹೆಸರುಗಳುಳ್ಳ ಒಂದೇ ಪಣವಾಗಿದ್ದವು. ಬೆಣ್ಣಿಹಳ್ಳದ ಒಂದೇ ತಗ್ಗಿನಲ್ಲಿ ನಾಲ್ಕು ಹೊಲ ಹಿಡಿದವನಿಗೆ ಪೂರ ಬಂದಾಗ ನಾಲ್ಕು ಹೊಲಗಳಿರುವುದರಿಂದ ಏನು ಪ್ರಯೋಜನ?

ಗಣಿ ಕಡಲಾಚೆಯದಾದರೆ ಇವೆಲ್ಲಕ್ಕೂ ಮತ್ತಷ್ಟು ತೊಡಕುಗಳು ಸೇರುತ್ತವೆ. ನಾಣ್ಯದ ಬೆಲೆ ಏರಿಳಿಯುವುದು ಒಂದು. ಅದು ಎರಡೂ ಕಡೆ ಹರಿಯುವ ಕತ್ತಿ: ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಳ್ಳಿ ಅಗ್ಗವಾಗಿ ರೂಪಾಯಿಯ ಬೆಲೆ ಕುಸಿದಾಗ, ಕೂಲಿಯನ್ನು ರೂಪಾಯಿಯಲ್ಲಿ ಕೊಟ್ಟು ಚಿನ್ನವನ್ನು ಪೌಂಡಿಗೆ ಮಾರುತ್ತಿದ್ದ ಕೋಲಾರದ ಒಡೆಯರಿಗೆ ಅದು ವರವೇ ಆಯಿತು. ಚಿನ್ನದ ಬೆಲೆಯಂತೂ ಯಾರ ಕೈಯ ಮಾತೂ ಅಲ್ಲ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಬೆಲೆ 1999ರಲ್ಲಿ 250ರ ಆಸುಪಾಸಿಗೆ ಬಿದ್ದಿತ್ತು. ಕೋಲಾರವನ್ನು ಮುಚ್ಚಿದಾಗ ಅದು 300ಕ್ಕೂ ಕೆಳಗಿತ್ತು. ಮುಚ್ಚಿದ ಹತ್ತು ವರ್ಷಗಳೊಳಗೆ 1,000 ದಾಟಿತು!

ಸರಕಾರದ ಹಕ್ಕು ಇನ್ನೊಂದು. ನೆಲ ಯಾರದೋ ನಿಯಮ ಅವರದು, ಅದು ನ್ಯಾಯವೂ ಹೌದು. ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರಕಾರ ವಹಿಸಿಕೊಂಡಾಗ ನಾವು ಸಂತೋಷಪಟ್ಟೆವು. ಅದೇ ಸುದ್ದಿಯನ್ನು ಲಂಡನ್ನಿನ ಪಾಲುದಾರ ಹೇಗೆ ಓದಿರಬಹುದೆಂಬುದನ್ನು ಊಹಿಸಬಹುದು. ತಾಂಜಾನಿಯ ದೇಶವು 2017ರಲ್ಲಿ ಕಾನೂನನ್ನು ಬದಲಿಸಿ, ಗಣಿ ಕಂಪನಿಗಳಲ್ಲಿ ಕನಿಷ್ಠ ನೂರಕ್ಕೆ 16ರ ಪಾಲು ಬೆಲೆಯಿಲ್ಲದೆ ಸರಕಾರಕ್ಕೆ ಸೇರಬೇಕೆಂದು ವಿಧಿಸಿತು. ಚಿನ್ನದ ಮೇಲಿನ ರಾಜಧನವನ್ನೂ ನೂರಕ್ಕೆ 4ರಿಂದ 6ಕ್ಕೆ ಏರಿಸಿತು. ನಮ್ಮ ಕಪ್ಪತಗುಡ್ಡವೇ 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಈಗ ಎಷ್ಟೇ ಚಿನ್ನವಿದ್ದರೂ ಪಾಲುದಾರನ ಲೆಕ್ಕದಲ್ಲಿ ಅದು ಇಲ್ಲದಂತೆಯೇ. ಔಷಧಿಯ ಗಿಡಗಳಿಗೂ ಸುತ್ತಲಿನ ಹಳ್ಳಗಳಿಗೂ ಆಸರೆಯಾದ ಗುಡ್ಡ ಉಳಿದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ; ಅದು ಬೇರೆ ಮಾತು.

ಕೊನೆಯದಾಗಿ, ದೂರದಿಂದ ಹುಟ್ಟುವ ಮೋಸ. ಇಂಡೊನೇಷಿಯದ ಬೋರ್ನಿಯೊ ಕಾಡಿನ ಬುಸಾಂಗ್ ಎಂಬಲ್ಲಿ ಕೆನಡದ ಬ್ರೆ-ಎಕ್ಸ್ ಕಂಪನಿ ಅಪಾರ ಚಿನ್ನ ದೊರಕಿತೆಂದು ಸಾರಿತು. ಅದರ ಷೇರುಗಳ ಒಟ್ಟು ಬೆಲೆ ಸುಮಾರು 600 ಕೋಟಿ ಕೆನಡ ಡಾಲರಿಗೆ ಏರಿತು. ನೆಲದಿಂದ ತೆಗೆದ ಕಲ್ಲಿನ ಕಂಬಿಯನ್ನು ಉದ್ದಕ್ಕೆ ಸೀಳಿ, ಒಂದು ಅರ್ಧವನ್ನು ಪರೀಕ್ಷೆಗೆ ಕಳುಹಿಸಿ ಇನ್ನೊಂದನ್ನು ಸಾಕ್ಷಿಗಾಗಿ ಇಟ್ಟುಕೊಳ್ಳುವುದು ಗಣಿಯವರ ವಾಡಿಕೆ. ಇಲ್ಲಿ ಪೂರ್ತಿ ಕಂಬಿಯನ್ನೇ ಪುಡಿಮಾಡುತ್ತಿದ್ದರು. ಮರುಪರೀಕ್ಷೆಗೆ ಏನೂ ಉಳಿಯುತ್ತಿರಲಿಲ್ಲ. 1997ರಲ್ಲಿ ಇನ್ನೊಂದು ಕಂಪನಿ ಅದೇ ಕೊಳವೆಗಳ ಪಕ್ಕದಲ್ಲಿ ತಾನೇ ಕೊಳವೆ ಇಳಿಸಿ ನೋಡಿದಾಗ ಹೇಳಿಕೊಳ್ಳುವಷ್ಟು ಚಿನ್ನವೇ ಇರಲಿಲ್ಲ. ಪುಡಿಗೆ ಹೊರಗಿನ ಚಿನ್ನವನ್ನು ಬೆರೆಸಿದ್ದರು. ಮೊದಲಿನ ಕಣಗಳ ಅಂಚು ಹೊಳೆಯ ಚಿನ್ನದಂತೆ ನುಣುಪಾಗಿದ್ದುದೂ ಅದನ್ನೇ ಹೇಳುತ್ತಿತ್ತು. ಇದಾದ ಮೇಲೆ ಕೆನಡ ದೇಶವು 2001ರಲ್ಲಿ ಹೊಸ ನಿಯಮ ತಂದು, ಅದಿರಿನ ಲೆಕ್ಕಕ್ಕೆ ಅರ್ಹ ತಜ್ಞನೊಬ್ಬ ತನ್ನ ಹೆಸರಿನಲ್ಲಿ ಹೊಣೆ ಹೊರಬೇಕೆಂದು ಕಟ್ಟು ಮಾಡಿತು.

ಕಡಲಾಚೆಯ ಗಣಿಗೆ ಹೋಗಲೇಬಾರದೆಂದು ಇದರ ಅರ್ಥವಲ್ಲ. ವಿದ್ಯುತ್ಕೋಶಗಳಿಗೆ ಬೇಕಾದ ಲಿಥಿಯಂ ನಮ್ಮಲ್ಲಿ ಸಾಲದು. ಆದುದರಿಂದ ಭಾರತ ಸರಕಾರದ ಉದ್ಯಮಗಳು ಕೂಡಿ 2019ರಲ್ಲಿ ಕಟ್ಟಿದ 'ಕಾಬಿಲ್' ಸಂಸ್ಥೆಯು 2024ರ ಜನವರಿಯಲ್ಲಿ ಅರ್ಜೆಂಟೀನದ ಕಟಮಾರ್ಕ ಪ್ರಾಂತದಲ್ಲಿ ಐದು ತಾಕುಗಳನ್ನು, ಒಟ್ಟು 15,703 ಹೆಕ್ಟೇರು ನೆಲವನ್ನು, ಶೋಧಿಸಲು ಒಪ್ಪಂದ ಮಾಡಿಕೊಂಡಿತು. ಅದರ ವೆಚ್ಚ ಸುಮಾರು 200 ಕೋಟಿ ರೂಪಾಯಿ. ಅದು ಪೂರ್ತಿ ವಿಫಲವಾದರೂ ಒಂದು ದೇಶ ತಾಳಿಕೊಳ್ಳಬಲ್ಲದು.

ಯಮನೂರಿನ ಹುಡುಗನು ನನ್ನ ಮಾತಿನಂತೆ ಆ ಸಂಸ್ಥೆಗೆ ಒಂದು ಕಾಗದ ಬರೆದನು. ಎಷ್ಟು ಕಡೆ ಕೊಳವೆ ಇಳಿಸಿದ್ದೀರಿ, ಎಲ್ಲವುಗಳ ಸರಾಸರಿ ಎಷ್ಟು? ಪರೀಕ್ಷಿಸಿದವರು ಯಾರು, ಉಳಿದರ್ಧ ಕಲ್ಲು ಎಲ್ಲಿದೆ? ಉತ್ಪಾದನೆ ತೊಡಗುವವರೆಗೆ ಬೇಕಾದ ಹಣದಲ್ಲಿ ಎಷ್ಟು ಕೈಯಲ್ಲಿದೆ? ಜನರಿಂದ ಹಣ ಕೂಡಿಸಲು ಸೆಬಿಯ ನೋಂದಣಿ ಇದೆಯೆ? ಮೂರು ವಾರಗಳ ನಂತರ ಉತ್ತರವಾಗಿ ಬಂದುದು ಮೊದಲಿನದಕ್ಕಿಂತ ದಪ್ಪನೆಯ, ನುಣುಪಾದ ಪುಸ್ತಿಕೆ. ಅದರಲ್ಲಿ ಕಲ್ಲಿನ ಚಿತ್ರಗಳು ನಾಲ್ಕಾಗಿದ್ದವು. ಗ್ರಾಂ ಮಾತ್ರ ಅದೇ 45. ತಂದೆಯವರು ಆ ಹಣದ ಒಂದು ಭಾಗದಿಂದ ಬೆಣ್ಣಿಹಳ್ಳದ ಪೂರಕ್ಕೆ ಕೊಚ್ಚಿಹೋಗಿದ್ದ ಹೊಲದ ಒಡ್ಡನ್ನು ಕಟ್ಟಿಸಿದರು. ಉಳಿದುದು ನವಲಗುಂದದ ಬ್ಯಾಂಕಿನಲ್ಲಿದೆ.